ಮನೆ ಬಿಡುವ ತಾರೀಖು

ಪ್ರತಿ ತಿಂಗಳ ಕೊನೆಯ ವಾರ ಕೊಂಡಾಪುರದ ಅಪಾರ್ಟ್‌ಮೆಂಟುಗಳ ಗೇಟಿನ ಬಳಿ ಒಂದೆರಡು ಮಂಚಗಳಾದರೂ ಕಳಚಿದ ಸ್ಥಿತಿಯಲ್ಲಿ ಗೋಡೆಗೊರಗಿ ನಿಂತಿರುತ್ತವೆ. ಮನೆಯವರಿಗೆ ಬೆಂಗಳೂರಿಗೋ ಪುಣೆಗೋ ಹೊರದೇಶಕ್ಕೋ ವರ್ಗವಾಗಿರುತ್ತದೆ, ಬಾಡಿಗೆಯ ಕರಾರು ತಿಂಗಳ ಕೊನೆಗೆ ಮುಗಿಯುತ್ತಿರುತ್ತದೆ. ಇಪ್ಪತ್ತನೆಯ ತಾರೀಖಿನಂದು ಧೈರ್ಯವಾಗಿ ಹೇಳಿದ ಬೆಲೆಯನ್ನು ಇಪ್ಪತ್ತೆಂಟರಂದು ನೆನೆಸಿಕೊಳ್ಳಲೂ ಸಂಕೋಚವಾಗುತ್ತದೆ. ಕೊನೆಯ ದಿನ ಸೋಫಾ ಕಾವಲುಗಾರನ ಪಾಲಾಗುತ್ತದೆ, ಉಳಿದದ್ದು ಗುಜರಿಗೆ. 1998ರಲ್ಲಿ ಪಕ್ಕದ ಮಾದಾಪುರದಲ್ಲಿ ಸೈಬರ್ ಟವರ್ಸ್ ತೆರೆದ ಮೇಲೆ ಹೀಗೆ ಬೆಳೆದುನಿಂತ ಊರಿದು. ಆದರೆ ಅವಸರದಲ್ಲಿ ಮನೆ ಬರಿದು ಮಾಡುವ ಕೆಲಸ ಹೈದರಾಬಾದಿಗೆ ಹೊಸದಲ್ಲ. ಇಲ್ಲಿಯ ಕನ್ನಡಿಗರಿಗೂ ಅದು ಹಳೆಯ ಪರಿಚಯವೇ.

ಮೊದಲು ಮಾತುಗಳನ್ನೇ ನೋಡೋಣ. ‘ಹರಾಜು’ ಅರಬ್ಬಿ ಮೂಲದ್ದು. ಅದೇ ಅರ್ಥದಲ್ಲಿ ಉತ್ತರ ಕರ್ನಾಟಕದವರು ಬಳಸುವ ‘ಲಿಲಾವು’ ಪೋರ್ಚುಗೀಸರಿಂದ ಬಂದದ್ದು. ಕುರ್ಚಿ ಅರಬ್ಬಿಯದು, ಅಲಮಾರು ಪೋರ್ಚುಗೀಸರದು, ಬೀರು ಫ್ರೆಂಚರ ಬ್ಯೂರೋ. ಮಂಚ, ಮಣೆ, ತೊಟ್ಟಿಲು ಮೊದಲಾದ ಕೆಲವನ್ನು ಬಿಟ್ಟರೆ ಮನೆಯ ಮರದ ಸಾಮಾನಿನ ಹೆಸರುಗಳಲ್ಲಿ ಬಹುಪಾಲು ಹೊರಗಿನವು, ಏಕೆಂದರೆ ಸಾಮಾನೂ ಹೊರಗಿನದೇ. ಹಿಂದಿನ ಗೃಹಸ್ಥನ ಆಸ್ತಿ ತಾಮ್ರ, ಹಿತ್ತಾಳೆ. ಅದನ್ನು ಗೋಣಿಯಲ್ಲಿ ಕಟ್ಟಿ ಎಲ್ಲಿಗೆ ಒಯ್ದರೂ ತೂಕಕ್ಕೆ ಬೆಲೆಯಿತ್ತು. ಹಂಡೆ ಸೋರಿದರೂ ತಾಮ್ರವೇ, ಕಾಲು ಮುರಿದ ಕುರ್ಚಿ ಮಾತ್ರ ಸೌದೆ. ಮನೆಯೊಳಗೆ ಮೇಜು ಕುರ್ಚಿಗಳು ಸೇರಿದಂದಿನಿಂದ ಊರು ಬಿಡುವುದು ನಷ್ಟದ ಬಾಬತ್ತಾಯಿತು ಎಂಬುದು ನಮ್ಮ ಎಣಿಕೆ.

ಅವಸರದ ವಿಲೇವಾರಿಗೆ ನಮ್ಮ ನಾಡಿನ ದೊಡ್ಡ ಉದಾಹರಣೆ ಶ್ರೀರಂಗಪಟ್ಟಣದ್ದು. 1799ರ ಮೇ 4ರಂದು ಕೋಟೆ ಬಿದ್ದ ಮೇಲೆ ಅರಮನೆಯ ಸೊತ್ತನ್ನು ಸೈನ್ಯಕ್ಕೆ ಹಂಚುವ ಹೊಣೆ ಹೊತ್ತ ಅಧಿಕಾರಿಗಳು ಟಿಪ್ಪುವಿನ ಚಿನ್ನದ ಹೊದಿಕೆಯ ಸಿಂಹಾಸನವನ್ನು ಒಡೆಸಿ ತುಂಡು ಮಾಡಿಸಿದರು. ಅದನ್ನು ಇಡಿಯಾಗಿ ತಮ್ಮ ದೊರೆಗೆ ಕಳುಹಿಸಬೇಕೆಂದು ಗವರ್ನರ್ ಜನರಲ್ ವೆಲ್ಲೆಸ್ಲಿ ಬಯಸುವ ಹೊತ್ತಿಗೆ ಕೆಲಸ ಮುಗಿದುಹೋಗಿತ್ತು. ಹುಲಿಯ ತಲೆಯೂ ಹುಮಾ ಪಕ್ಷಿಯೂ ಇಂಗ್ಲೆಂಡಿನ ಅರಸು ಮನೆತನದ ಸಂಗ್ರಹಕ್ಕೆ ಸೇರಿದವು. ಹದಿನಾರನೆಯ ಲೂಯಿ ಟಿಪ್ಪುವಿಗೆ ಕಳುಹಿಸಿದ್ದೆಂದು ಹೇಳಲಾಗುವ ದಂತದ ಕುರ್ಚಿಗಳನ್ನು ಇಂದು ನೋಡಬೇಕಾದರೆ ಹೈದರಾಬಾದಿನ ಸಾಲಾರ್ ಜಂಗ್ ಸಂಗ್ರಹಾಲಯಕ್ಕೆ ಬರಬೇಕು.

ಆ ಸಂಗ್ರಹಾಲಯವೂ ಹುಟ್ಟಿದ್ದು ಒಂದು ಮನೆ ಚದುರಿಹೋಗುವ ಭಯದಿಂದಲೇ. ಮೂರನೆಯ ಸಾಲಾರ್ ಜಂಗ್, ಮೀರ್ ಯೂಸುಫ್ ಅಲಿ ಖಾನ್, 1949ರ ಮಾರ್ಚ್ 2ರಂದು ತೀರಿಕೊಂಡರು. ಅವರು ಅವಿವಾಹಿತರು, ನೇರ ವಾರಸುದಾರರಿರಲಿಲ್ಲ. ಹಿಂದಿನ ವರ್ಷದ ಸೆಪ್ಟೆಂಬರಿನಲ್ಲಷ್ಟೇ ಪೊಲೀಸ್ ಕಾರ್ಯಾಚರಣೆ ನಡೆದಿತ್ತು. ಅಂಥ ಹೊತ್ತಿನಲ್ಲಿ ದಿವಾನ್ ದೇವಡಿಯ ಕೋಣೆಗಳಲ್ಲಿ ತುಂಬಿದ್ದ ಗಡಿಯಾರ, ಪಿಂಗಾಣಿ, ಪೀಠೋಪಕರಣಗಳ ಗತಿಯೇನು? ಆಡಳಿತದ ಮುಖ್ಯಸ್ಥರಾಗಿದ್ದ ಎಂ. ಕೆ. ವೆಲ್ಲೋಡಿಯವರು ಅವನ್ನು ಅಲ್ಲಿಯೇ ಉಳಿಸಲು ಮುಂದಾದರು. ಜೇಮ್ಸ್ ಕಸಿನ್ಸ್ ಜೋಡಿಸಿಕೊಟ್ಟರು. 1951ರ ಡಿಸೆಂಬರ್ 16ರಂದು ನೆಹರೂ ಬಾಗಿಲು ತೆರೆದರು.

ಉಳಿದ ದೇವಡಿಗಳಿಗೆ ಆ ಭಾಗ್ಯ ಬರಲಿಲ್ಲ. 1949ರ ಆಗಸ್ಟಿನಲ್ಲಿ ಜಹಗೀರುಗಳು ರದ್ದಾದವು. ಆದಾಯ ನಿಂತ ಮನೆಯಿಂದ ಮೊದಲು ಹೊರಬೀಳುವುದು ಮರದ ಸಾಮಾನು. ಮುರ್ಗಿ ಚೌಕದ ಹಳೆ ಸಾಮಾನಿನ ಅಂಗಡಿಗಳನ್ನೂ ಜುಮ್ಮೆರಾತ್ ಬಜಾರಿನ ಗುರುವಾರದ ಸಂತೆಯನ್ನೂ ಸುತ್ತುವವರು ಇದನ್ನು ನೆನಪಿನಲ್ಲಿಟ್ಟುಕೊಂಡರೆ ಒಳ್ಳೆಯದು.

ಇನ್ನು ಕನ್ನಡಿಗರ ವಿಷಯ. ರಾಜ್ಯ ಪುನರ್ವಿಂಗಡಣಾ ಕಾಯ್ದೆಗೆ ಅಂಕಿತ ಬಿದ್ದದ್ದು 1956ರ ಆಗಸ್ಟ್ 31ರಂದು, ಜಾರಿಗೆ ಬಂದದ್ದು ನವೆಂಬರ್ 1ರಂದು. ನಡುವೆ ಎರಡೇ ತಿಂಗಳು. ಗುಲ್ಬರ್ಗ, ರಾಯಚೂರು, ಬೀದರ ಜಿಲ್ಲೆಗಳ ಬಹುಭಾಗ ಮೈಸೂರಿಗೆ, ಮರಾಠವಾಡ ಮುಂಬಯಿಗೆ, ತೆಲಂಗಾಣ ಆಂಧ್ರಪ್ರದೇಶಕ್ಕೆ ಸೇರಿದವು. ಕಾಯ್ದೆಯ 115ನೆಯ ಕಲಮಿನ ಪ್ರಕಾರ ನೌಕರರು ಮುಖ್ಯ ಉತ್ತರಾಧಿಕಾರಿ ರಾಜ್ಯದಲ್ಲಿಯೇ ತಾತ್ಕಾಲಿಕವಾಗಿ ಮುಂದುವರಿಯಬೇಕು, ಬೇರೆ ರಾಜ್ಯಕ್ಕೆ ಹೋಗುವಂತೆ ಕೇಂದ್ರದ ಆದೇಶ ಬಂದರೆ ಹೊರಡಬೇಕು. ‘ತಾತ್ಕಾಲಿಕ’ ಎಂಬ ಮಾತು ಸಂಸಾರಸ್ಥನಿಗೆ ಎಷ್ಟು ಕಷ್ಟದ್ದೆಂದು ವರ್ಗವಾದವರೇ ಬಲ್ಲರು. ತಾತ್ಕಾಲಿಕವಾಗಿ ಹೋಗುವವನು ಮಂಚವನ್ನು ಮಾರಬೇಕೋ, ಬಂಧುಗಳ ಮನೆಯಲ್ಲಿ ಇಡಬೇಕೋ?

ಕನ್ನಡದವರ ಮನೆಗಳೂ ಕರ್ನಾಟಕ ಸಾಹಿತ್ಯ ಮಂದಿರವೂ ಇದ್ದ ಕಾಚಿಗುಡದಿಂದಲೇ ಬೆಂಗಳೂರಿಗೆ ಮೀಟರ್ ಗೇಜ್ ರೈಲು ಹೊರಡುತ್ತಿತ್ತು. ಸ್ವಾರಸ್ಯವೆಂದರೆ, ಹಳಿ ಅದೇ, ದಿಕ್ಕು ಬೇರೆ: ಅದೇ ಮಾರ್ಗದ ಮೇಲಿನ ಕರ್ನೂಲಿನಿಂದ ಆಂಧ್ರದ ರಾಜಧಾನಿ ಆಗ ಹೈದರಾಬಾದಿಗೆ ಸ್ಥಳಾಂತರವಾಯಿತು. ಹೊರಡುವ ಗುಮಾಸ್ತನಿಗೆ ಬೇಡವಾದ ಮೇಜು ಬರುವ ಗುಮಾಸ್ತನಿಗೆ ಬೇಕಾಗಿದ್ದಿರಬಹುದು. ಅದು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ನೇರವಾಗಿ ಹೋಯಿತೋ, ನಡುವೆ ಹರಾಜಿನವನು ಲಾಭ ತಿಂದನೋ ಎಂಬುದನ್ನು ಊಹಿಸಬಹುದು, ಅಷ್ಟೆ. ಅಲಂಪುರ, ಗದ್ವಾಲ, ಕೊಡಂಗಲ್, ತಾಂಡೂರಿನ ಕನ್ನಡಿಗರದು ಇದಕ್ಕೆ ತಿರುವುಮುರುವು. ಅವರ ಮಂಚ ಕದಲಲಿಲ್ಲ, ಗಡಿ ಕದಲಿತು.

ಯಾರು ಯಾರಿಗಿಂತ ಹಿರಿಯರೆಂಬ ಜ್ಯೇಷ್ಠತೆಯ ತಕರಾರುಗಳು ವರ್ಷಗಟ್ಟಲೆ ನ್ಯಾಯಾಲಯಗಳಲ್ಲಿ ನಡೆದವು. ಆದ್ದರಿಂದ ಆ ನೌಕರರ ಹುದ್ದೆ, ಸಂಬಳ, ಸೇವಾವಧಿ ಎಲ್ಲಕ್ಕೂ ಕಾಗದಗಳಿವೆ. ಅವರು ಬಿಟ್ಟುಹೋದ ಮನೆಗೆ ಅಂಥ ಕಾಗದವಿಲ್ಲ. ಇರುವ ದಾಖಲೆಯೆಂದರೆ ಜೊತೆಗೆ ಒಯ್ದ ಪಾತ್ರೆಗಳದೇ. ಕೊಡ, ತಪ್ಪಲೆ, ಪರಾತಗಳ ಅಂಚಿನಲ್ಲಿ ಹೆಸರು, ಊರು, ಕೆಲವೊಮ್ಮೆ ತಾರೀಖು ಕೊರೆಸುವ ವಾಡಿಕೆ ನಮ್ಮಲ್ಲಿತ್ತು. ಹೈದರಾಬಾದಿನಿಂದ ಹೋದ ಮನೆತನದವರು ಅಟ್ಟದ ಮೇಲಿನ ಪಾತ್ರೆಗಳನ್ನು ತೂಕಕ್ಕೆ ಹಾಕುವ ಮುನ್ನ ಅಂಚನ್ನೊಮ್ಮೆ ಹುಣಸೆಹಣ್ಣಿನಿಂದ ಉಜ್ಜಿ ಓದಿಕೊಳ್ಳಬೇಕೆಂದು ಕೋರುತ್ತೇವೆ.

ಇಂದಿನ ಕೊಂಡಾಪುರದ ಮಂಚಗಳಿಗೆ ಆ ಸೌಲಭ್ಯವೂ ಇಲ್ಲ. ಮರದ ಪುಡಿಯನ್ನು ಅಂಟಿನಿಂದ ಒತ್ತಿದ ಹಲಗೆ ಎರಡು ಬಾರಿ ಬಿಚ್ಚಿ ಜೋಡಿಸುವಷ್ಟರಲ್ಲಿ ತಿರುಪು ಹಿಡಿಯುವುದಿಲ್ಲ. 2020ರಲ್ಲಿ ಕಚೇರಿಗಳು ಮುಚ್ಚಿ, ಬಾಡಿಗೆದಾರರು ಊರಿಗೆ ಮರಳಿದಾಗ ಇಂಥ ಹಲಗೆಗಳು ಗೇಟಿನ ಬಳಿ ರಾಶಿ ಬಿದ್ದವು.

ಸಂಗಾರೆಡ್ಡಿ ಜಿಲ್ಲೆಯಲ್ಲಿ ಇನ್ನೊಂದು ಕೊಂಡಾಪುರವಿದೆ. ನಮ್ಮ ಬಡಾವಣೆಗೂ ಅದಕ್ಕೂ ಹೆಸರಿನ ಹೊರತು ಸಂಬಂಧವಿಲ್ಲ. ಅಲ್ಲಿಯ ದಿಬ್ಬವನ್ನು 1940ರ ದಶಕದ ಆರಂಭದಲ್ಲಿ ನಿಜಾಮರ ಪುರಾತತ್ವ ಇಲಾಖೆ ಅಗೆಸಿದಾಗ ಸಾತವಾಹನರ ಕಾಲದ ಊರು ಹೊರಬಂತು. ದೊರೆತ ಸಾಮಾನು ಈಗ ಅಲ್ಲಿಯ ಸಂಗ್ರಹಾಲಯದಲ್ಲಿದೆ: ನಾಣ್ಯಗಳು, ಮಣಿಗಳು, ಮಡಕೆಗಳು, ಸುಟ್ಟ ಮಣ್ಣಿನ ಗೊಂಬೆಗಳು.