ಖಾಕಿ ಅಂದರೆ ಧೂಳು: ಪೇಶಾವರದಿಂದ ಬಲ್ಮಠದವರೆಗೆ ಒಂದು ಬಣ್ಣದ ಕಥೆ

ಊರಿಗೆ ಖಾಕಿ ತೊಟ್ಟವರು ಬಂದರೆ ಕಟ್ಟೆಯ ಮೇಲೆ ಕೂತವರು ತಂತಾನೇ ಎದ್ದು ನಿಲ್ಲುತ್ತಾರೆ. ಪೊಲೀಸರಿರಲಿ, ಫಾರೆಸ್ಟ್ ಗಾರ್ಡ್ ಇರಲಿ, ಮುಖಕ್ಕಿಂತ ಮೊದಲು ಕಣ್ಣಿಗೆ ಬೀಳುವುದು ಬಟ್ಟೆ. ಇಷ್ಟು ಭಯ ಹುಟ್ಟಿಸುವ ಈ ಪದದ ಅರ್ಥ ಏನು ಗೊತ್ತೇ? ಧೂಳು!

ಪರ್ಷಿಯನ್ ಭಾಷೆಯಲ್ಲಿ ‘ಖಾಕ್’ ಎಂದರೆ ಮಣ್ಣು, ಧೂಳು. ‘ಖಾಕಿ’ ಎಂದರೆ ಮಣ್ಣಿನ ಬಣ್ಣದ್ದು. ಅಲ್ಲಿಂದ ಉರ್ದುವಿಗೆ ಬಂತು, ಉರ್ದುವಿನಿಂದ ನಮ್ಮೆಲ್ಲರ ಬಾಯಿಗೆ. ನಾವು ಬೂದಿ ನೋಡಿ ‘ಬೂದು’ ಎಂದ ಹಾಗೆಯೇ ಅವರು ಧೂಳು ನೋಡಿ ‘ಖಾಕಿ’ ಎಂದರು, ಅಷ್ಟೇ. ಹಳ್ಳಿ ಕಡೆ ನಾವು ‘ಕಾಕಿ’ ಅನ್ನುತ್ತೇವೆ. ಬೆಳಗಾವಿ ಕಡೆಯ ಓದುಗರೇ, ನಿಮ್ಮ ಮನೆಯ ಕಾಕಾ-ಕಾಕಿಗೂ ಇದಕ್ಕೂ ಸಂಬಂಧವಿಲ್ಲ!

ಈ ಪದ ಸೈನಿಕರ ಮೈಮೇಲೆ ಬಂದದ್ದು ಈಗ ಪಾಕಿಸ್ತಾನದಲ್ಲಿರುವ ಪೇಶಾವರದಲ್ಲಿ. 1846ರ ಕೊನೆಯಲ್ಲಿ ಹ್ಯಾರಿ ಲಂಸ್ಡನ್ ಎಂಬ ಬ್ರಿಟಿಷ್ ಅಧಿಕಾರಿ ಅಲ್ಲಿ ‘ಗೈಡ್ಸ್’ ಎಂಬ ಪಡೆ ಕಟ್ಟಿದ. ಆಗ ಬ್ರಿಟಿಷ್ ಸೈನಿಕರದ್ದು ಕೆಂಪು ಕೋಟು. ಒಣ ಗುಡ್ಡದಲ್ಲಿ ಕೆಂಪು ಕೋಟು ಹಾಕಿಕೊಂಡು ನಿಂತರೆ ‘ಇಲ್ಲಿದ್ದೇನೆ, ಗುಂಡು ಹೊಡಿ’ ಎಂದ ಹಾಗೆ. ಲಂಸ್ಡನ್ ತನ್ನ ಪಡೆಗೆ ಆ ನೆಲದ್ದೇ ಬಣ್ಣದ ಬಟ್ಟೆ ಕೊಟ್ಟ. 1857ರ ದಂಗೆಯ ಹೊತ್ತಿಗೆ ಬೇರೆ ಪಡೆಗಳೂ ತಮ್ಮ ಬಿಳಿ ಬಟ್ಟೆಯನ್ನು ಚಹಾದಲ್ಲಿ, ಮಣ್ಣುನೀರಿನಲ್ಲಿ, ಶಾಯಿಯಲ್ಲಿ, ಸಿಕ್ಕಿದ್ದರಲ್ಲಿ ಅದ್ದಿ ಹಾಕಿಕೊಂಡವು. ಒಬ್ಬನದು ಹಳದಿ ಬಳಿದ ಹಾಗೆ, ಇನ್ನೊಬ್ಬನದು ಬೂದು. ಒಗೆದರೆ ಅದೂ ಹೋಗುತ್ತಿತ್ತು.

ಮಂಗಳೂರು ಈ ಕಥೆಗೆ ಬರುವುದು ಒಗೆದರೂ ಹೋಗದ ಬಣ್ಣದಿಂದ.

ಬಾಸೆಲ್ ಮಿಷನ್ ಹೆಸರು ನೀವು ಕೇಳಿರುತ್ತೀರಿ. 1843ರಲ್ಲಿ ‘ಮಂಗಳೂರು ಸಮಾಚಾರ’ ಹೊರಡಿಸಿದ ಹರ್ಮನ್ ಮೊಗ್ಲಿಂಗ್ ಇದೇ ಮಿಷನ್ನಿನವರು. ಪತ್ರಿಕೋದ್ಯಮ ಓದುವಾಗ ನಾವು ಮೊದಲ ಪಾಠದಲ್ಲೇ ಬಾಯಿಪಾಠ ಮಾಡಿದ ಹೆಸರು ಅದು. ಮಿಷನ್‌ಗೆ ಒಂದು ಕಷ್ಟ ಎದುರಾಗಿತ್ತು. ಕ್ರೈಸ್ತರಾದವರಿಗೆ ಮನೆಯಿಂದ, ಜಾತಿಯಿಂದ, ಕುಲಕಸುಬಿನಿಂದ ಹೊರಗೆ ದಾರಿ. ಅವರ ಹೊಟ್ಟೆಪಾಡು ನೋಡಬೇಕಲ್ಲ? ಅದಕ್ಕೇ ಮಿಷನ್ ನೇಯ್ಗೆಯ ಕೆಲಸ ಶುರು ಮಾಡಿತು. 1851ರಲ್ಲಿ ಜಾನ್ ಹಾಲರ್ ಎಂಬ ನುರಿತ ನೇಕಾರ ಯುರೋಪಿನಿಂದ ಬಂದ. ಬಲ್ಮಠದಲ್ಲಿ ಮಗ್ಗಗಳ ಜೊತೆಗೆ ಬಣ್ಣ ಹಾಕುವ ಮನೆಯೂ ಎದ್ದಿತು. ಕಾಡುಗೇರಿನ ಜಾತಿಯ ಮರದ ತೊಗಟೆಯ ರಸದಿಂದ ಹಾಲರ್ ಗಟ್ಟಿಯಾದ ಖಾಕಿ ಬಣ್ಣ ತೆಗೆದ ಎಂದು ಮಿಷನ್ನಿನ ಚರಿತ್ರೆ ಬರೆದವರು ಹೇಳುತ್ತಾರೆ. ಕಾಡುಗೇರಿನ ಕಾಯಿಯ ರಸದಲ್ಲಿ ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದುದು ನಿಮ್ಮ ಅಜ್ಜಿಗೆ ಗೊತ್ತಿರಬಹುದು. ಆ ಕಲೆ ಹತ್ತಿದರೆ ಬಟ್ಟೆ ಹರಿದರೂ ಹೋಗದು.

‘ಖಾಕಿ ಹುಟ್ಟಿದ್ದೇ ಮಂಗಳೂರಿನಲ್ಲಿ’ ಎಂಬ ಮೆಸೇಜ್ ವಾಟ್ಸಾಪಿನಲ್ಲಿ ಓಡಾಡುತ್ತದೆ. ಅದು ಅರ್ಧ ಸರಿ. ಹೆಸರು ಪರ್ಷಿಯನ್ನರದು, ಉಡುಪು ಪೇಶಾವರದ್ದು, ಹಾಲರ್ ಹಡಗು ಇಳಿಯುವ ಮೊದಲೇ ಎರಡೂ ಇದ್ದವು. ಬಟ್ಟೆಯಲ್ಲಿ ನಿಲ್ಲುವ ಬಣ್ಣ ತೆಗೆದದ್ದು ಮಂಗಳೂರಿನ ಹೆಚ್ಚುಗಾರಿಕೆ, ಅದೇನು ಕಡಿಮೆ ಅಲ್ಲ. ನನಗೆ ಬೇಜಾರಾಗುವುದು ಇನ್ನೊಂದಕ್ಕೆ. ಈ ಮೆಸೇಜುಗಳಲ್ಲಿ ಹಾಲರ್ ಹೆಸರಿರುತ್ತದೆ. ಕುಲಕಸುಬು ಬಿಟ್ಟು ಬಂದು ಮಗ್ಗದ ಗುಂಡಿಯಲ್ಲಿ ಕಾಲಿಟ್ಟು ಕೂತವರ, ತೊಗಟೆ ಕುದಿಸಿ ಕೈ ಕಪ್ಪು ಮಾಡಿಕೊಂಡವರ ಒಂದು ಹೆಸರೂ ಇರುವುದಿಲ್ಲ. ಯಾವ ಮರ, ಯಾವ ರಸ ಎಂದು ಪರದೇಶದಿಂದ ಬಂದವನಿಗೆ ಇಲ್ಲಿಯವರು ಯಾರೋ ತೋರಿಸಿಯೇ ಇರಬೇಕು.

ಮುಂದೆ ಕಾರ್ಖಾನೆಯ ಕಾಲ ಬಂತು. 1884ರಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ಗ್ಯಾಟಿ ಲೋಹದ ಲವಣಗಳಿಂದ ಖಾಕಿ ಹಾಕುವ ವಿಧಾನಕ್ಕೆ ಪೇಟೆಂಟ್ ಪಡೆದ. ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧಕ್ಕೆ ಬ್ರಿಟಿಷ್ ಸೈನ್ಯ ಹೋದದ್ದು ಖಾಕಿಯಲ್ಲೇ. ಆ ಯುದ್ಧದ ನಡುವೆ, 1900ರಲ್ಲಿ ಬ್ರಿಟನ್ನಿನಲ್ಲಿ ನಡೆದ ಚುನಾವಣೆಗೆ ‘ಖಾಕಿ ಚುನಾವಣೆ’ ಎಂದೇ ಹೆಸರು ಬಿತ್ತು.

ಬ್ರಿಟಿಷರು ಹೋದರು, ಬಣ್ಣ ಉಳಿಯಿತು. ಪೊಲೀಸರಿಗೆ ಅಷ್ಟೇ ಅಲ್ಲ, ಬಸ್ಸಿನವರಿಗೂ ಆಟೋದವರಿಗೂ ಬಂತು. ಆಟೋ ಓಡಿಸುವ ಅಣ್ಣನಿಗೆ ಮಾತ್ರ ಅದು ಇವತ್ತಿಗೂ ಮೊದಲಿನ ಅರ್ಥದಲ್ಲೇ ಉಪಯೋಗ: ದಿನವಿಡೀ ರಸ್ತೆಯ ಧೂಳು ಕುಡಿದರೂ ಅಂಗಿಯ ಮೇಲೆ ಕಾಣುವುದಿಲ್ಲ.