ಅತ್ತೆಯ ಡಬ್ಬಿಯಲ್ಲಿ ಹತ್ತೊಂಬತ್ತು ಕಾರ್ಡುಗಳು

ಹೋದ ತಿಂಗಳು ಸಾಗರಕ್ಕೆ ಹೋಗಿದ್ದೆ, ಅತ್ತೆ ಮನೆಗೆ. ಊಟ ಆದಮೇಲೆ ಅತ್ತೆ ಒಳಗಿಂದ ಒಂದು ಹಳೇ ಬಿಸ್ಕತ್ತಿನ ಡಬ್ಬಿ ತಂದು ಮುಂದಿಟ್ಟರು. ಚಕ್ಕುಲಿ ಇರಬಹುದು ಅಂತ ಆಸೆಯಿಂದ ಮುಚ್ಚಳ ತೆಗೆದರೆ ಒಳಗಿದ್ದದ್ದು ಗ್ರೀಟಿಂಗ್ ಕಾರ್ಡುಗಳು :) ಎಲ್ಲವೂ ಅಪ್ಪ ಕೈಯಲ್ಲೇ ಮಾಡಿ ಕಳಿಸಿದ್ದು. ಎಣಿಸಿದೆ, ಹತ್ತೊಂಬತ್ತು ಇದ್ದವು. 1999ರ ಹೊಸ ವರ್ಷದ್ದು ಎಲ್ಲಕ್ಕಿಂತ ಕೆಳಗೆ, 2017ರದ್ದು ಎಲ್ಲಕ್ಕಿಂತ ಮೇಲೆ.

2018ರದ್ದು ಇರಲಿಲ್ಲ. ಯಾಕೆ ಅಂತ ಅತ್ತೆಯನ್ನು ಕೇಳಲಿಲ್ಲ. ಯಾಕೆಂದರೆ ಅದನ್ನು ಮಾಡಿದ್ದು ನಾನು.

ಮೊದಲು ಅಪ್ಪನ ಕಾರ್ಡು ಹೇಗಿರುತ್ತಿತ್ತು ಅಂತ ಹೇಳಬೇಕು. ಅಪ್ಪ ಡ್ರಾಫ್ಟ್ಸ್‌ಮನ್ ಆಗಿದ್ದರು. ಡಿಸೆಂಬರ್ ಬಂತೆಂದರೆ ಡ್ರಾಯಿಂಗ್ ಶೀಟಿನ ಉಳಿದ ತುಂಡುಗಳನ್ನು ನಾಲ್ಕಿಂಚು ಆರಿಂಚಿನ ಅಳತೆಗೆ ಕತ್ತರಿಸಿಕೊಂಡು ಕೂರುತ್ತಿದ್ದರು. ಮಧ್ಯದಲ್ಲಿ ಶುಭಾಶಯಕ್ಕೆ ಒಂದಿಷ್ಟು ಖಾಲಿ ಜಾಗ ಬಿಟ್ಟು, ಉಳಿದದ್ದಕ್ಕೆಲ್ಲ ಇಂಡಿಯನ್ ಇಂಕಿನಲ್ಲಿ ಗೆರೆಗಳು. ಸಾಲು ಸಾಲು ಗೆರೆ, ಅದರ ಮೇಲೆ ಅಡ್ಡ ಗೆರೆ. ಬಣ್ಣ ಇಲ್ಲವೇ ಇಲ್ಲ. ಗೆರೆ ಒತ್ತಾದ ಕಡೆ ಗುಡ್ಡ, ತೆಳುವಾದ ಕಡೆ ಆಕಾಶ, ಎಲ್ಲಿ ಗೆರೆ ನಿಂತಿತೋ ಅಲ್ಲಿ ಚಂದ್ರ. ಪೆನ್ನಿಗೆ ಕಪ್ಪು ಬರೆಯುವುದು ಮಾತ್ರ ಗೊತ್ತು, ಬೂದು ಬೇಕೆಂದರೆ ಗೆರೆಗಳ ನಡುವಿನ ಅಂತರದಿಂದಲೇ ಅದನ್ನು ಹುಟ್ಟಿಸಬೇಕು. ಸೆಟ್ ಸ್ಕ್ವೇರಿನ ಅಡಿಗೆ ಚಿಲ್ಲರೆ ನಾಣ್ಯ ಅಂಟಿಸಿಕೊಳ್ಳುತ್ತಿದ್ದರು, ಅಂಚು ಕಾಗದಕ್ಕೆ ತಾಗಿದರೆ ಇಂಕು ಅದರಡಿಗೆ ನುಗ್ಗಿ ಹರಡಿಬಿಡುತ್ತದೆ ಅಂತ.

ನಾನು ಇಂಜಿನಿಯರಿಂಗ್ ಮೂರನೇ ವರ್ಷದಲ್ಲಿದ್ದಾಗ, 2017ರ ಡಿಸೆಂಬರಿನಲ್ಲಿ, ಅಪ್ಪ ಮೊದಲ ಕಾರ್ಡು ಮುಗಿಸಿದ್ದೇ ತಡ, ಅದನ್ನು ಎತ್ತಿಕೊಂಡು ಹೋಗಿ ಸ್ಕ್ಯಾನ್ ಮಾಡಿಸಿ, ದಪ್ಪ ಕಾಗದದ ಮೇಲೆ ಇಪ್ಪತ್ನಾಲ್ಕು ಪ್ರಿಂಟ್ ಹೊಡೆಸಿಕೊಂಡು ಬಂದೆ. ಇಪ್ಪತ್ತು ನಿಮಿಷದ ಕೆಲಸ. "ಅಪ್ಪ, ಇನ್ನು ಕಣ್ಣು ಕೆಡಿಸ್ಕೊಳ್ಳೋದು ಬೇಡ" ಅಂದೆ. ಅಪ್ಪ ಒಂದು ಪ್ರಿಂಟನ್ನು ಬೆಳಕಿಗೆ ಹಿಡಿದು ನೋಡಿ, "ಚೆನ್ನಾಗಿ ಬಂದಿದೆ" ಅಂದರು. ಎಲ್ಲವನ್ನೂ ಪೋಸ್ಟ್ ಮಾಡಿದೆವು. ಅತ್ತೆ ಒಬ್ಬರೇ ಫೋನ್ ಮಾಡಿ ಕೇಳಿದ್ದು: "ಅಣ್ಣಂಗೆ ಹುಷಾರಿಲ್ವಾ?"

ಮುಂದಿನ ವರ್ಷದಿಂದ ಅಪ್ಪ ಕಾರ್ಡು ಮಾಡಲಿಲ್ಲ.

ಸಾಗರದಿಂದ ಬಂದಮೇಲೆ ಈ ವಿಷಯ ತಲೆಯಲ್ಲಿ ಕೊರೆಯತೊಡಗಿತು. ಕಾರ್ಡಿಗೆ ಪೆನ್ನಿನಲ್ಲಿ ಹಿನ್ನೆಲೆ ತುಂಬುವ ಈ ಹುಚ್ಚು ಯಾವಾಗಿನದು, ಅಚ್ಚು ಬಂದಾಗ ಅದಕ್ಕೇನಾಯಿತು ಅಂತ ಓದಲು ಕೂತೆ. ಓದಿದ್ದನ್ನು ನಿಮ್ಮ ಮುಂದಿಡುತ್ತೇನೆ.

ಯುರೋಪಿನ ಹಸ್ತಪ್ರತಿಗಳಲ್ಲಿ ಇದು ಬಹಳ ಹಳೆಯದು. ಸುಮಾರು 12-13ನೇ ಶತಮಾನದಿಂದ ಅಧ್ಯಾಯದ ಮೊದಲ ಅಕ್ಷರವನ್ನು ದೊಡ್ಡದಾಗಿ ಕೆಂಪಲ್ಲಿ ಬರೆದರೆ ಅದರ ಸುತ್ತಮುತ್ತ, ಹೊಟ್ಟೆಯೊಳಗೆ ನೀಲಿ ಇಂಕಿನ ಎಳೆಗಳು, ಅಕ್ಷರ ನೀಲಿಯಾದರೆ ಎಳೆಗಳು ಕೆಂಪು. ಚಿನ್ನದ ರೇಕು ಹಚ್ಚಲು ದುಡ್ಡಿಲ್ಲದ ಪುಸ್ತಕಗಳಿಗೂ ಈ ಅಲಂಕಾರ ದಕ್ಕುತ್ತಿತ್ತು, ಬೇಕಾದ್ದು ಪೆನ್ನು, ಇಂಕು ಮತ್ತು ತಾಳ್ಮೆ ಅಷ್ಟೇ.

ಇದು ಒಬ್ಬರಿಗೊಬ್ಬರು ಕೊಡುವ ಕಾಗದದ ಮೇಲೆ ಇಳಿದದ್ದನ್ನು ನೋಡಬೇಕಾದರೆ ಅಮೆರಿಕದ ಪೆನ್ಸಿಲ್ವೇನಿಯಾಕ್ಕೆ ಹೋಗಬೇಕು. ಅಲ್ಲಿ ನೆಲೆಸಿದ್ದ ಜರ್ಮನ್ ಭಾಷಿಕರಲ್ಲಿ 18ನೇ ಶತಮಾನದಲ್ಲಿ ಫ್ರಾಕ್ತುರ್ ಎಂಬ ಕಲೆ ಬೆಳೆಯಿತು. ಮಗುವಿನ ಜನನ, ನಾಮಕರಣದ ಪತ್ರ, ಮನೆಗೆ ಹರಸುವ ಪತ್ರ, ಮಕ್ಕಳಿಗೆ ಬಹುಮಾನದ ಚೀಟಿ, ಎಲ್ಲವನ್ನೂ ಪೆನ್ನಿನಲ್ಲಿ ಬರೆದು, ಸುತ್ತಲೂ ಟ್ಯುಲಿಪ್ ಹೂ, ಹಕ್ಕಿ, ಹೃದಯ ಬಿಡಿಸಿ ನೀರುಬಣ್ಣ ತುಂಬುತ್ತಿದ್ದರು. ಬರೆಯುತ್ತಿದ್ದವರಲ್ಲಿ ಊರಿನ ಶಾಲಾ ಮೇಷ್ಟ್ರುಗಳು ಬಹಳ ಮಂದಿ.

ಅವರಲ್ಲಿ ನನಗೆ ತುಂಬ ಇಷ್ಟವಾದವರು ಕ್ರಿಸ್ಟೋಫರ್ ಡಾಕ್. ವಾರದಲ್ಲಿ ಮೂರು ದಿನ ಸ್ಕಿಪ್ಪಾಕ್ ಎಂಬ ಊರಲ್ಲಿ, ಮೂರು ದಿನ ಸಾಲ್ಫರ್ಡ್ ಎಂಬ ಊರಲ್ಲಿ ಪಾಠ. ಬೆತ್ತದ ಕಾಲದಲ್ಲಿ ಈ ಮೇಷ್ಟ್ರು ಚೆನ್ನಾಗಿ ಓದಿದ ಮಗುವಿಗೆ ಹೂವೋ ಹಕ್ಕಿಯೋ ಬರೆದು ಕೊಡುತ್ತಿದ್ದರು. ಒಂದು ಶಾಲೆಯ ಮಕ್ಕಳಿಂದ ಇನ್ನೊಂದು ಶಾಲೆಯ ಮಕ್ಕಳಿಗೆ ಪತ್ರ ಬರೆಸಿ, ತಾವೇ ಹೊತ್ತುಕೊಂಡು ಹೋಗಿ ಹಂಚುತ್ತಿದ್ದರು. ಮೇಷ್ಟ್ರೇ ಪೋಸ್ಟ್‌ಮ್ಯಾನ್! ತಮ್ಮ ಪಾಠದ ಕ್ರಮವನ್ನೆಲ್ಲ 1750ರಲ್ಲಿ ಬರೆದಿಟ್ಟರು, ಅದು 1770ರಲ್ಲಿ ಪುಸ್ತಕವಾಗಿ ಅಚ್ಚಾಯಿತು.

ಆ ಶತಮಾನದ ಕೊನೆಯ ಹೊತ್ತಿಗೆ ಅಲ್ಲಿನ ಮುದ್ರಕರು ನಾಮಕರಣ ಪತ್ರದ ಫಾರಮ್ಮುಗಳನ್ನೇ ಅಚ್ಚು ಹಾಕಿ ಮಾರಲು ಶುರು ಮಾಡಿದರು. ಮಾತುಗಳೆಲ್ಲ ಅಚ್ಚಿನವು, ಹೆಸರಿಗೆ ಖಾಲಿ ಜಾಗ. ಕೈಕೆಲಸದವರ ಕಥೆ ಮುಗಿಯಿತು ಅಂದುಕೊಂಡೆ. ಹಾಗಾಗಲಿಲ್ಲ. ಜನ ಆ ಫಾರಮ್ಮನ್ನು ಕೊಂಡು ತಂದು, ಹೆಸರು ಬರೆಯಲು, ಬಣ್ಣ ತುಂಬಲು, ಅಂಚಿನಲ್ಲಿ ಇನ್ನೆರಡು ಹಕ್ಕಿ ಸೇರಿಸಲು ಅದೇ ಮೇಷ್ಟ್ರುಗಳ ಹತ್ತಿರ ಹೋದರು. ಮಾತು ಅಚ್ಚಿನ ಪಾಲಾಯಿತು, ಕೈ ಅದರ ಸುತ್ತಲಿನ ಜಾಗಕ್ಕೆ ಸರಿಯಿತು.

ಇನ್ನು ಲಂಡನ್ನಿಗೆ ಬರೋಣ. ಇಂಗ್ಲೆಂಡಿನಲ್ಲಿ 1840ರಲ್ಲಿ ಒಂದು ಪೆನ್ನಿಗೆ ದೇಶದ ಯಾವ ಮೂಲೆಗಾದರೂ ಪತ್ರ ಹೋಗುವ ವ್ಯವಸ್ಥೆ ಬಂತು. ಅದನ್ನು ಜಾರಿಗೆ ತರಲು ದುಡಿದವರಲ್ಲಿ ಹೆನ್ರಿ ಕೋಲ್ ಒಬ್ಬರು. ಅಂಚೆ ಅಗ್ಗವಾಯಿತು, ಕ್ರಿಸ್ಮಸ್ಸಿಗೆ ಪತ್ರಗಳ ರಾಶಿ ಬಂತು, ಉತ್ತರ ಬರೆಯಲು ಕೋಲ್ ಸಾಹೇಬರಿಗೇ ಪುರುಸೊತ್ತಿಲ್ಲ. ತಾವೇ ಬರೆದ ಕೋಡಿನ ಬಗ್ ತಮಗೇ ಕಚ್ಚಿದ ಹಾಗೆ! 1843ರಲ್ಲಿ ಜಾನ್ ಕಾಲ್ಕಟ್ ಹಾರ್ಸ್ಲಿ ಎಂಬ ಚಿತ್ರಕಾರನಿಂದ ಒಂದು ಚಿತ್ರ ಬರೆಸಿ ಸುಮಾರು ಸಾವಿರ ಪ್ರತಿ ಅಚ್ಚು ಹಾಕಿಸಿದರು. ಮಧ್ಯದಲ್ಲಿ ಹಬ್ಬದ ಊಟಕ್ಕೆ ಕೂತ ಕುಟುಂಬ, ಎರಡು ಪಕ್ಕದಲ್ಲಿ ಹಸಿದವರಿಗೆ ಅನ್ನ, ಬಟ್ಟೆಯಿಲ್ಲದವರಿಗೆ ಬಟ್ಟೆ, ಸುತ್ತಲೂ ಬಳ್ಳಿ ಹಬ್ಬಿದ ಚಪ್ಪರ. ಕಳಿಸುವವನು ಮಾಡಬೇಕಾದದ್ದು ಯಾರಿಗೆ, ಯಾರಿಂದ ಎಂದು ತುಂಬುವುದಷ್ಟೇ. ಉಳಿದ ಕಾರ್ಡುಗಳು ಒಂದು ಶಿಲಿಂಗಿಗೆ ಮಾರಾಟವಾದವು. ಮಾರಾಟಕ್ಕೆ ಬಂದ ಮೊದಲ ಕ್ರಿಸ್ಮಸ್ ಕಾರ್ಡು ಇದೇ ಎನ್ನುತ್ತಾರೆ. ಅಂದರೆ ಇದು ಹುಟ್ಟಿದ್ದೇ ಟೈಮಿಲ್ಲದ ಮನುಷ್ಯನೊಬ್ಬನ ಟೈಮ್ ಉಳಿಸಲು! ಇದನ್ನು ಓದಿದಾಗ ನನ್ನ ಇಪ್ಪತ್ನಾಲ್ಕು ಪ್ರಿಂಟ್ ನೆನಪಾಗಿ ಸ್ವಲ್ಪ ಸಮಾಧಾನವಾಯಿತು. ಆದರೆ ಒಂದು ವಿಷಯ ಇದೆ. ಆ ಕಾರ್ಡಿನಲ್ಲಿ ಅಚ್ಚಾದದ್ದು ಗೆರೆ ಮಾತ್ರ. ಬಣ್ಣವನ್ನು ಒಂದೊಂದಾಗಿ ಕೈಯಲ್ಲೇ ಹಾಕಿದ್ದರು.

1870ರ ದಶಕದಲ್ಲಿ ಬಾಸ್ಟನ್ನಿನ ಲೂಯಿ ಪ್ರಾಂಗ್ ಆ ಕೆಲಸವನ್ನೂ ಕಲ್ಲಿಗೆ ಒಪ್ಪಿಸಿದ. ಕಲ್ಲಚ್ಚಿನಲ್ಲಿ ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು, ಒಂದರ ಮೇಲೊಂದು ಒತ್ತಿದರೆ ಪೂರ್ತಿ ಬಣ್ಣದ ಚಿತ್ರ. ಈಗ ಕೈಗೇನು ಉಳಿಯಿತು?

ಅದೇ ಕಾಲದಲ್ಲಿ ಇನ್ನೊಂದು ಯಂತ್ರವೂ ಬಂತು. 1874ರಲ್ಲಿ ಟೈಪ್‌ರೈಟರ್ ಅಮೆರಿಕದ ಮಾರುಕಟ್ಟೆಗೆ ಇಳಿಯಿತು. ಅಲ್ಲಿಯವರೆಗೆ ಆಫೀಸಿನ ಕಾಗದಪತ್ರಗಳನ್ನೆಲ್ಲ ಪ್ಲಾಟ್ ರೋಜರ್ಸ್ ಸ್ಪೆನ್ಸರ್ ರೂಢಿಗೆ ತಂದ ಬಳುಕುವ ಕೈಬರಹದಲ್ಲಿ ಬರೆಯುತ್ತಿದ್ದರು. ಅದನ್ನು ಕಲಿಸಲು ಕಾಲೇಜುಗಳೇ ಇದ್ದವು. ಈ ಪೆನ್ನಿನವರು ರೆಕ್ಕೆ ಬಿಚ್ಚಿದ ಹಕ್ಕಿ ಬರೆಯುವುದರಲ್ಲಿ ನಿಸ್ಸೀಮರು. ಟೈಪ್‌ರೈಟರಿನಿಂದಾಗಿ ನಿಧಾನವಾಗಿ ಆಫೀಸಿನ ಪತ್ರಗಳಿಂದ ಅವರ ಅಕ್ಷರ ಹೊರಬಿತ್ತು. ಆದರೆ ಹೆಸರಿನ ಕಾರ್ಡು, ಶುಭಾಶಯದ ಕಾರ್ಡುಗಳ ಮೇಲೆ ಇನ್ನೂ ಕೆಲವು ದಶಕ ಉಳಿಯಿತು. ಹೆಸರಿನ ಹಿಂದೆ ಹಕ್ಕಿ, ಗರಿ, ಬಳ್ಳಿ ಬರೆದು ಡಜನ್ ಲೆಕ್ಕದಲ್ಲಿ ಮಾರುತ್ತಿದ್ದರು. ಪ್ರೀತಿಯಿಂದಲೇ ಬರೆದರು ಅಂತಲ್ಲ, ಹೊಟ್ಟೆಪಾಡೂ ಇತ್ತು.

ನಮ್ಮ ಕಾಲದ್ದೂ ಒಂದಿದೆ. ಮಾಸಚೂಸೆಟ್ಸಿನ ಮರಿಯಾ ಥಾಮಸ್ ಕ್ಯಾಲಿಗ್ರಫಿ ಮಾಡುವವರು. ಒಮ್ಮೆ ಅಕ್ಷರದ ಹಿಂದಿನ ಜಾಗವನ್ನು ಸಣ್ಣ ಸಣ್ಣ ವಿನ್ಯಾಸಗಳಿಂದ ತುಂಬುತ್ತಿದ್ದಾಗ ಹೊತ್ತು ಹೋದದ್ದೇ ತಿಳಿಯಲಿಲ್ಲ ಎಂದು ಜೊತೆಗಾರ ರಿಕ್ ರಾಬರ್ಟ್ಸ್‌ಗೆ ಹೇಳಿದರಂತೆ. ಅದರಿಂದ ಅವರಿಬ್ಬರೂ ಕಟ್ಟಿದ್ದು ಜೆಂಟಾಂಗಲ್ ಎಂಬ ಪದ್ಧತಿ. ಮೂರೂವರೆ ಇಂಚಿನ ಚೌಕ ಕಾಗದ, ಕಪ್ಪು ಪೆನ್ನು, ಒಂದರ ಪಕ್ಕ ಒಂದು ಗೆರೆ. ಕೈಯಲ್ಲಿ ಕಾರ್ಡು ಮಾಡುವವರು ಇವತ್ತು ಹಿನ್ನೆಲೆ ತುಂಬಲು ಇದನ್ನು ಧಾರಾಳವಾಗಿ ಬಳಸುತ್ತಾರೆ.

ಇಷ್ಟು ಓದಿದ ಮೇಲೆ ನನಗೆ ಕಂಡದ್ದು ಇಷ್ಟು. ಯಂತ್ರ ಬಂದಾಗಲೆಲ್ಲ ಕಾರ್ಡಿನ ಮುಂಭಾಗವನ್ನು, ಮಾತನ್ನು, ಚಿತ್ರವನ್ನು ತಾನು ತೆಗೆದುಕೊಂಡಿದೆ. ಪೆನ್ನು ಹಿಂದಿನ ಜಾಗಕ್ಕೆ, ಅಂಚಿಗೆ ಹೋಗಿ ಕೂತಿದೆ. ಅಲ್ಲಿ ಅದು ಹೇಳುವುದು ಏನೂ ಇಲ್ಲ. ಇಷ್ಟು ಹೊತ್ತು ಕೂತಿದ್ದೆ ಅನ್ನುವುದನ್ನು ಬಿಟ್ಟರೆ.

ಎಷ್ಟು ಹೊತ್ತು? ಇಂಜಿನಿಯರ್ ಅಲ್ಲವೇ, ಲೆಕ್ಕ ಹಾಕಿದೆ. ಆರಿಂಚು ಅಂದರೆ ಸುಮಾರು 150 ಮಿಲಿಮೀಟರ್. ಮಿಲಿಮೀಟರಿಗೊಂದು ಗೆರೆ, ಗೆರೆಗೆ ಹತ್ತು ಸೆಕೆಂಡು, ಒಟ್ಟು 25 ನಿಮಿಷ. ಅಡ್ಡಕ್ಕೆ ಇನ್ನು 100 ಗೆರೆ, ಉದ್ದ ಜಾಸ್ತಿ, ಹದಿನೈದು ಸೆಕೆಂಡು, ಮತ್ತೆ 25 ನಿಮಿಷ. ಒಂದು ಕಾರ್ಡಿಗೆ 50 ನಿಮಿಷ. ಇಪ್ಪತ್ನಾಲ್ಕು ಕಾರ್ಡಿಗೆ 20 ಗಂಟೆ. ಬರೀ ಹಿನ್ನೆಲೆಗೆ!

ಆ ಇಪ್ಪತ್ತು ಗಂಟೆ ಅಪ್ಪನಿಗೆ ಶಿಕ್ಷೆ ಅಂದುಕೊಂಡಿದ್ದೆ ನಾನು. ಡಬ್ಬಿ ಮುಚ್ಚುತ್ತಾ ಅತ್ತೆ ಹೇಳಿದ ಮಾತು ಈಗ ಬೇರೆಯಾಗಿ ಕೇಳಿಸುತ್ತಿದೆ. ಮೊದಲ ಕಾರ್ಡು 1999ರದ್ದು ಯಾಕೆ, ಅದಕ್ಕೂ ಮೊದಲು ಯಾಕಿಲ್ಲ ಅಂತ ಕೇಳಿದ್ದಕ್ಕೆ ಅತ್ತೆ ಅಂದರು: "ಆ ವರ್ಷವೇ ಅಲ್ವನೋ ಅವ್ನ ಆಫೀಸಿಗೆ ಕಂಪ್ಯೂಟರ್ ಬಂದಿದ್ದು. ಪೆನ್ನು ಹಿಡಿಯೋಕೆ ಅವ್ನಿಗೆ ಆಮೇಲೆ ಇದೊಂದೇ ಇತ್ತು."

ಆಟೋಕ್ಯಾಡ್ ಹೊರಬಂದದ್ದು 1982ರಲ್ಲಿ. ಅಪ್ಪನ ಮೇಜಿಗೆ ಬರಲು ಹದಿನಾರು ವರ್ಷ ಹಿಡಿಯಿತು. ಅದರಲ್ಲಿ ಒಂದು ಜಾಗವನ್ನು ಆರಿಸಿ ಕಮಾಂಡ್ ಕೊಟ್ಟರೆ ಹ್ಯಾಚಿಂಗ್ ಗೆರೆಗಳು ಕ್ಷಣದಲ್ಲಿ ತುಂಬುತ್ತವೆ. ಆಫೀಸಿನಿಂದ ಹೊರಬಿದ್ದ ಪೆನ್ನು ಡಿಸೆಂಬರಿನ ಕಾರ್ಡಿನ ಹಿನ್ನೆಲೆಗೆ ಬಂದು ಕೂತಿತ್ತು. ಅಲ್ಲಿಂದಲೂ ನಾನು ಎಬ್ಬಿಸಿ ಕಳಿಸಿದ್ದೆ.

ಕಳೆದ ವಾರ ಶಿವಮೊಗ್ಗಕ್ಕೆ ಹೋದವನು ಅಪ್ಪನ ರಾಟ್ರಿಂಗ್ ಪೆನ್ನು ಹುಡುಕಿದೆ. ಇಂಕು ಒಣಗಿ ಕಲ್ಲಾಗಿತ್ತು. ಒಂದು ರಾತ್ರಿಯಿಡೀ ಉಗುರುಬೆಚ್ಚಗಿನ ನೀರಲ್ಲಿ ನೆನೆಸಿಟ್ಟೆ. ಬೆಳಗ್ಗೆ ನಾನೇ ಗೆರೆ ಎಳೆಯಲು ಕೂತೆ. ಹತ್ತು ಗೆರೆ ಆಗುವಷ್ಟರಲ್ಲಿ ಗೆರೆಗಳೆಲ್ಲ ಒಂದು ಕಡೆ ವಾಲಿದವು. ಪೇಪರ್ ಓದುತ್ತಿದ್ದ ಅಪ್ಪ ತಲೆ ಎತ್ತಿ ಹೇಳಿದರು, "ಗೆರೆ ನೋಡ್ಬೇಡ, ಮಧ್ಯದ ಜಾಗ ನೋಡು."

ಸರಿಹೋಗಲಿಲ್ಲ. ಹನ್ನೆರಡನೇ ಗೆರೆಗೆ ಅಪ್ಪ ಎದ್ದು ಬಂದು ಪೆನ್ನು ಇಸಿದುಕೊಂಡರು. ಜೇಬಿನಲ್ಲಿ ತಡಕಾಡಿ ಎರಡು ರೂಪಾಯಿಯ ನಾಣ್ಯ ತೆಗೆದು ಸೆಟ್ ಸ್ಕ್ವೇರಿನಡಿಗೆ ಅಂಟಿಸಿದರು. ನನ್ನ ವಾಲಿದ ಗೆರೆಗಳನ್ನು ಹಾಗೇ ಬಿಟ್ಟು, ಅಲ್ಲಿಂದಲೇ ಮುಂದುವರಿಸಿದರು. ಕೈ ಮೊದಲಿನಷ್ಟು ಸ್ಥಿರವಾಗಿಲ್ಲ. ಅಮ್ಮ ತಿಂಡಿಗೆ ಎರಡು ಸಲ ಕರೆದರೂ ಏಳಲಿಲ್ಲ.

ಆ ಕಾರ್ಡು ಮೊನ್ನೆ ಸಾಗರಕ್ಕೆ ಪೋಸ್ಟ್ ಆಗಿದೆ. ಯಾವ ಹಬ್ಬವೂ ಇಲ್ಲ, ಹೊಸ ವರ್ಷವೂ ಅಲ್ಲ. ಡಬ್ಬಿಯಲ್ಲಿ ಇಪ್ಪತ್ತನೆಯದಕ್ಕೆ ಜಾಗ ಇದೆ ಅಂತ ನನಗೆ ಗೊತ್ತು.

ನಿಮ್ಮ ಮನೆಯ ಅಟ್ಟದಲ್ಲೂ ಇಂಥದ್ದೊಂದು ಡಬ್ಬಿ ಇದ್ದರೆ ತೆಗೆದು ನೋಡಿ. ಇಂಡಿಯನ್ ಇಂಕಿನಲ್ಲಿ ಅರಗು ಇರುತ್ತದೆ, ಒಣಗಿದ ಗೆರೆ ಕಾಗದದ ಮೇಲೆ ತುಸು ಉಬ್ಬಿ ನಿಲ್ಲುತ್ತದೆ. ಕಣ್ಣು ಮುಚ್ಚಿ ಬೆರಳಾಡಿಸಿದರೆ ಗೊತ್ತಾಗುತ್ತದೆ, ಯಾವುದು ಪ್ರಿಂಟು, ಯಾವುದು ಕೈಯದ್ದು ಅಂತ. ಅತ್ತೆಗೆ ಗೊತ್ತಾದದ್ದೂ ಹಾಗೆಯೇ ಇರಬೇಕು...