ಕಾಲಜ್ಞಾನವೂ ವಿಜ್ಞಾನ ಕಥೆಯೂ



ಹೊಸ ಯಂತ್ರವೊಂದು ಊರಿಗೆ ಬಂದಾಗ, ಗಿಲ್ಲೆಸುಗೂರಿನಂತಹ ನಮ್ಮ ಊರುಗಳ ಕಟ್ಟೆಯ ಮೇಲೆ ಕುಳಿತ ಹಿರಿಯರು, "ಕಾಲಜ್ಞಾನದಾಗ ಮೊದಲೇ ಹೇಳ್ಯಾರ" ಎನ್ನುವುದನ್ನು ನೀವು ಕೇಳಿರಬಹುದು. ಕೃಷ್ಣೆಯಾಚೆಯ ಕೊಡೇಕಲ್ಲಿನ ಬಸವಣ್ಣನವರು ಹದಿನಾರನೆಯ ಶತಮಾನದಲ್ಲಿಯೇ ಕಾಲಜ್ಞಾನದ ವಚನಗಳನ್ನು ನುಡಿದವರು. ಬರುವ ಕಾಲವನ್ನು ಕಲ್ಪಿಸಿಕೊಳ್ಳುವುದು ನಮ್ಮ ಸೀಮೆಗೆ ಹೊಸತಲ್ಲ. ಅದೇ ಕೆಲಸವನ್ನು ವಿಜ್ಞಾನದ ನೆಲೆಯಲ್ಲಿ ನಿಂತು ಮಾಡುವ ಸಾಹಿತ್ಯವೇ ವಿಜ್ಞಾನ ಕಥೆ. ಮಕ್ಕಳ ಕಾಲಹರಣವೆಂದು ಅದನ್ನು ಬದಿಗೆ ಸರಿಸುವ ಮುನ್ನ ಅದರ ಚರಿತ್ರೆಯನ್ನು ಒಮ್ಮೆ ನೋಡೋಣ.

1815ರಲ್ಲಿ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿಯಿತು. ಅದರ ದೂಳು ಆಕಾಶವನ್ನು ಆವರಿಸಿ, ಮರುವರ್ಷ ಯೂರೋಪಿನಲ್ಲಿ ಬೇಸಿಗೆಯೇ ಬರಲಿಲ್ಲ. ಆ ಮಳೆಗಾಲದಂತಹ ಬೇಸಿಗೆಯಲ್ಲಿ ಜಿನೀವಾ ಸರೋವರದ ಬಳಿ ತಂಗಿದ್ದ ಹದಿನೆಂಟರ ತರುಣಿ ಮೇರಿ ಶೆಲ್ಲಿ ಬರೆಯತೊಡಗಿದ ಕಥೆಯೇ 1818ರಲ್ಲಿ ಪ್ರಕಟವಾದ 'ಫ್ರಾಂಕೆನ್‌ಸ್ಟೈನ್'. ಆ ಹೆಸರು ರಾಕ್ಷಸನದೆಂದು ಹಲವರು ಭಾವಿಸುತ್ತಾರೆ. ಅದು ಅವನನ್ನು ಸೃಷ್ಟಿಸಿದ ಯುವ ವಿಜ್ಞಾನಿಯದು. ಜೀವ ಕೊಟ್ಟದ್ದಕ್ಕಿಂತಲೂ, ಕೊಟ್ಟ ಜೀವವನ್ನು ಕಂಡು ಹೇಸಿ, ಅದನ್ನು ಅನಾಥವಾಗಿ ಬಿಟ್ಟು ಓಡಿದ್ದು ಅವನ ದೊಡ್ಡ ತಪ್ಪು.

ಫ್ರಾನ್ಸಿನ ಜೂಲ್ಸ್ ವರ್ನ್ 1865ರಲ್ಲಿ ಫ್ಲಾರಿಡಾದಿಂದ ಮೂವರನ್ನು ಚಂದ್ರನತ್ತ ಹಾರಿಸಿದ, ಕಾದಂಬರಿಯಲ್ಲಿ. 1969ರಲ್ಲಿ ಅದೇ ಫ್ಲಾರಿಡಾದಿಂದ ಮೂವರು ನಿಜವಾಗಿಯೇ ಹೊರಟರು. ಇದು ಭರವಸೆಯ ಧಾರೆ. 1920ರಲ್ಲಿ ಚೆಕ್ ಲೇಖಕ ಕಾರೆಲ್ ಚಾಪೆಕ್ ತನ್ನ ನಾಟಕದಲ್ಲಿ 'ರೋಬೋ' ಎಂಬ ಪದವನ್ನು ಲೋಕಕ್ಕೆ ಕೊಟ್ಟ. ಅದರ ಮೂಲ ಅರ್ಥ ನಮ್ಮ ಭಾಗದವರಿಗೆ ಚೆನ್ನಾಗಿ ತಿಳಿದದ್ದೇ: ಬಿಟ್ಟಿ ಚಾಕರಿ. ದುಡಿಸಿಕೊಳ್ಳಲೆಂದೇ ತಯಾರಾದ ಆಳುಗಳು ಕೊನೆಗೆ ಒಡೆಯರ ವಿರುದ್ಧ ದಂಗೆಯೇಳುತ್ತಾರೆ. ಇದು ಎಚ್ಚರಿಕೆಯ ಧಾರೆ.

ಎಚ್ಚರಿಕೆ ಎಂದಾಗ ಪವಿತ್ರ ಗ್ರಂಥದ ಯೋನನ ನೆನಪಾಗುತ್ತದೆ. ನಲವತ್ತು ದಿನಗಳಲ್ಲಿ ನಿನೆವೆ ನಾಶವಾಗುವುದೆಂದು ಅವನು ಸಾರಿದ. ಜನ ಪಶ್ಚಾತ್ತಾಪಪಟ್ಟರು, ನಗರ ಉಳಿಯಿತು. ನುಡಿದದ್ದು ನಡೆಯಲಿಲ್ಲವೆಂದು ಯೋನ ಸಿಟ್ಟಾದ. ಆದರೆ ನುಡಿದದ್ದು ನಡೆಯದಿರುವುದರಲ್ಲೇ ಅವನ ಸೇವೆಯ ಸಾರ್ಥಕತೆಯಿತ್ತು. ಒಳ್ಳೆಯ ವಿಜ್ಞಾನ ಕಥೆಯೂ ಹಾಗೆಯೇ. ಅದು ಭವಿಷ್ಯ ಹೇಳುವ ಶಾಸ್ತ್ರವಲ್ಲ, ನಮ್ಮನ್ನು ಕಾಯುವ ಕಾವಲು ದನಿ.

ಕನ್ನಡದಲ್ಲಿ ಈ ಪ್ರಕಾರವನ್ನು ಬೆಳೆಸಿದವರಲ್ಲಿ ರಾಜಶೇಖರ ಭೂಸನೂರಮಠ ಪ್ರಮುಖರು. 'ಮನು' ಎಂಬ ಹೆಸರಿನಲ್ಲಿ ಬರೆದ ಲೇಖಕರು 'ಮಹಾಸಂಪರ್ಕ'ದಲ್ಲಿ ಮಹಾಭಾರತವನ್ನೇ ವಿಜ್ಞಾನದ ಕಣ್ಣಿನಿಂದ ಕಂಡರು. ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೋ' (1980) ಕಟ್ಟುನಿಟ್ಟಾಗಿ ವಿಜ್ಞಾನ ಕಥೆಯಲ್ಲದಿದ್ದರೂ ಈ ಮಾತಿನಲ್ಲಿ ಅದನ್ನು ಬಿಡಲಾಗದು. ಅದರಲ್ಲಿ ಕರ್ವಾಲೋ ಎಂಬ ವಿಜ್ಞಾನಿ, ಕೋಟ್ಯಂತರ ವರ್ಷ ಹಿಂದಿನ ಹಾರುವ ಓತಿಯೊಂದನ್ನು ಹುಡುಕಿ ಹೊರಡುತ್ತಾರೆ. ಅವರು ನೆಚ್ಚುವುದು ಪದವೀಧರರನ್ನಲ್ಲ, ಜೇನು ಹಿಡಿಯುವ ಮಂದಣ್ಣನನ್ನು. ಊರವರಿಗೆ ಅಪ್ರಯೋಜಕನಾದವನಲ್ಲಿ ಅವರು ಹುಟ್ಟು ಜೀವಶಾಸ್ತ್ರಜ್ಞನನ್ನು ಕಾಣುತ್ತಾರೆ. ಕೊನೆಗೆ ಆ ಓತಿ ಕಣ್ಣಿಗೆ ಬಿದ್ದರೂ ಕೈಗೆ ಸಿಗದೆ ಕಣಿವೆಯತ್ತ ತೇಲಿ ಮರೆಯಾಗುತ್ತದೆ. ಎಲ್ಲವನ್ನೂ ಹಿಡಿದು ಸೀಸೆಯಲ್ಲಿಡಲಾಗದು ಎಂಬ ವಿನಯ ಅಲ್ಲಿದೆ.

ಪ್ರಿಯ ಪಾಲಕರೇ, 2023ರ ಆಗಸ್ಟ್ 23ರಂದು ಚಂದ್ರಯಾನ-3 ಚಂದ್ರನ ಮೇಲೆ ಇಳಿದಾಗ ನಮ್ಮ ಮನೆಮನೆಯಲ್ಲೂ ಚಪ್ಪಾಳೆ ಕೇಳಿಸಿತು. ಇಂದು ಯಂತ್ರಗಳು ಮನುಷ್ಯರಂತೆ ಮಾತನಾಡುತ್ತಿವೆ, ಬರೆಯುತ್ತಿವೆ. ಮಕ್ಕಳು ಅವುಗಳನ್ನು ಬಳಸಲು ನಮಗಿಂತ ಬೇಗ ಕಲಿಯುತ್ತಾರೆ. 'ಇದನ್ನು ಮಾಡಬಹುದೇ?' ಎಂಬ ಪ್ರಶ್ನೆಗೆ ಶಾಲೆಯ ವಿಜ್ಞಾನ ಪುಸ್ತಕ ಉತ್ತರ ಕೊಡುತ್ತದೆ. 'ಮಾಡಬೇಕೇ? ಮಾಡಿದ ಮೇಲೆ ಅದರ ಹೊಣೆ ಯಾರದು?' ಎಂದು ಕೇಳಲು ಕಥೆ ಬೇಕು. ಅಂಕಗಳ ಚಿಂತೆಯ ನಡುವೆ ವಾರಕ್ಕೊಂದು ಸಂಜೆ ಅವರೊಡನೆ ಕುಳಿತು ಇಂತಹ ಪುಸ್ತಕವೊಂದನ್ನು ಗಟ್ಟಿಯಾಗಿ ಓದಿರಿ. ನಡುವೆ ನಿಲ್ಲಿಸಿ ಕೇಳಿರಿ: "ನೀನಾಗಿದ್ದರೆ ಏನು ಮಾಡುತ್ತಿದ್ದೆ?"